ಐಡಿಯನ್ನು ಬಾಗಿಲಲ್ಲೇ ಓದಿ ಮುಗಿಸಿ

ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಪೈಥಾನ್ ತೆರೆದು ‘ಭೀಮನಬೀಡು’ ಅಂತ ಟೈಪ್ ಮಾಡಿ. ಅದೇ ಹೆಸರನ್ನು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಜ್ ಫಂಕ್ಷನ್‌ಗೆ ಕೊಟ್ಟು, ಎನ್‌ಎಫ್‌ಡಿ ಅನ್ನೋ ಬಿಡಿಸಿದ ರೂಪಕ್ಕೆ ತಂದು ಇನ್ನೊಂದು ವೇರಿಯಬಲ್‌ನಲ್ಲಿ ಇಡಿ. ಎರಡನ್ನೂ ಪ್ರಿಂಟ್ ಮಾಡಿದರೆ ಕಣ್ಣಿಗೆ ಒಂದೇ. ಎರಡೂ ಸಮಾನವಾ ಅಂತ ಕೇಳಿದರೆ ಫಾಲ್ಸ್. ಉದ್ದ ಕೇಳಿದರೆ ಒಂದು 8, ಇನ್ನೊಂದು 10. ಯುಟಿಎಫ್-8ಗೆ ತಿರುಗಿಸಿ ಬೈಟ್ ಎಣಿಸಿದರೆ 24 ಮತ್ತು 30. ನಾವು ಬಾಯಲ್ಲಿ ಹೇಳುವಾಗ ಐದೇ ಅಕ್ಷರ.

ಕಾರಣ ಸರಳ. ‘ಭೀ’ಯಲ್ಲಿರುವ ಈಕಾರವನ್ನು ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು. ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಗುಡಿಸು ಒಂದು, ದೀರ್ಘ ಒಂದು ಅಂತ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಒಂದನೇ ಕ್ಲಾಸಲ್ಲಿ ಕನ್ನಡ ಮೇಡಂ ‘ಗುಡಿಸಿನ ದೀರ್ಘ’ ಅಂತ ಹೇಳಿಕೊಟ್ಟಿದ್ದು ಈ ಎರಡನೇ ದಾರಿ. ಹಳೇ ನುಡಿ ಫಾಂಟ್‌ನ ಫೈಲುಗಳಲ್ಲೂ ದೀರ್ಘಕ್ಕೆ ಬೇರೆಯೇ ಕೋಡ್ ಇರುತ್ತಿತ್ತು. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪ್ರೋಗ್ರಾಮ್ ಎರಡನ್ನೂ ಸೇರಿಸದೆ ಹಾಗೇ ಬಿಟ್ಟರೆ ನಿಮ್ಮ ಡೇಟಾಬೇಸಿನಲ್ಲಿ ಎರಡು ಭೀಮನಬೀಡು ಹುಟ್ಟಿಕೊಳ್ಳುತ್ತವೆ. ಒಂದರ ರೈತರು ಇನ್ನೊಂದರಲ್ಲಿ ಸಿಗಲ್ಲ.

ಭೀಮನಬೀಡು ನಮ್ಮ ತಾತನ ಊರು. ಚಾಮರಾಜನಗರ ಜಿಲ್ಲೆ, ಗುಂಡ್ಲುಪೇಟೆ ತಾಲ್ಲೂಕು. ನಾನು ಓದಿದ್ದೆಲ್ಲಾ ಮೈಸೂರಲ್ಲಿ, ಇಂಗ್ಲಿಷ್ ಮೀಡಿಯಂ. ಊರಿಗೆ ಹೋಗೋದು ರಜಕ್ಕೆ, ಹಬ್ಬಕ್ಕೆ. ಇಂಗ್ಲಿಷಲ್ಲಿ ಬರೆದರೆ ಈ ಹೆಸರಿನ ಪಾಡು ಇನ್ನೂ ಕಷ್ಟ. ‘ಭ’ಕ್ಕೆ ಹೆಚ್ ಹಾಕುವವರು, ಬಿಡುವವರು. ‘ಭೀ’ಗೆ ಎರಡು ಇ ಹಾಕುವವರು, ಒಂದೇ ಐ ಹಾಕುವವರು. ‘ಬೀ’ಗೂ ಅದೇ ಕಥೆ. ಅಲ್ಲಿಗೆ 8 ಸ್ಪೆಲಿಂಗ್ ಆಯಿತು, ನಡುವೆ ಜಾಗ ಬಿಡುವವರನ್ನು ಸೇರಿಸಿದರೆ 16. ಜಿಲ್ಲೆಯ ಹೆಸರನ್ನು ಜೊತೆಗೆ ಇಟ್ಟುಕೊಂಡರೂ ಪೂರ್ತಿ ಬಚಾವಾಗಲ್ಲ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆ ಆಗುವ ತನಕ ಹಳೇ ಕಾಗದಗಳಲ್ಲಿ ಇದೇ ಊರು ಮೈಸೂರು ಜಿಲ್ಲೆಯದ್ದು.

ಅದಕ್ಕೇ ಗುರುತಿನ ಸಂಖ್ಯೆ ಅನ್ನೋದು ಬೇಕಾಗಿದ್ದು. ಹೆಸರು ಮನುಷ್ಯರಿಗೆ, ಸಂಖ್ಯೆ ಯಂತ್ರಕ್ಕೆ. ಊರಿಗೊಂದು ಕೋಡ್, ಜಮೀನಿಗೆ ಸರ್ವೆ ನಂಬರ್, ರೈತರಿಗೆ ಫ್ರೂಟ್ಸ್ ಐಡಿ, ಕೊಟ್ಟಿಗೆಯಲ್ಲಿರೋ ಹಸುವಿನ ಕಿವಿಗೂ 12 ಅಂಕಿಯ ಹಳದಿ ಟ್ಯಾಗ್. ಇಲ್ಲಿವರೆಗೆ ಯಾರಿಗೂ ತಕರಾರಿಲ್ಲ. ನನ್ನ ತಕರಾರು ಇರೋದು ಆಮೇಲೆ ನಾವು ಮಾಡೋ ಕೆಲಸದ ಬಗ್ಗೆ. ಇಷ್ಟು ಕಷ್ಟಪಟ್ಟು ಹೆಸರನ್ನು ಬಿಟ್ಟು ಸಂಖ್ಯೆಗೆ ಬಂದವರು, ಕೋಡ್ ಬರೆಯುವಾಗ ಆ ಸಂಖ್ಯೆಯನ್ನು ವಾಪಸ್ ಸ್ಟ್ರಿಂಗ್ ಮಾಡಿ ಊರೆಲ್ಲಾ ಸುತ್ತಾಡಿಸುತ್ತೇವೆ.

ನಮ್ಮ ಕ್ಯಾಂಪಸ್ಸಿನ ಯಾವುದೇ ಮಿನಿ ಪ್ರಾಜೆಕ್ಟ್ ತೆಗೆದು ನೋಡಿ. ಬಸ್ ಪಾಸ್ ಆಪ್ ಇರಲಿ, ಹಾಸ್ಟೆಲ್ ಮೆಸ್ ಆಪ್ ಇರಲಿ, ಪ್ರತಿ ದಾಖಲೆಗೂ ಒಂದು ಯುಯುಐಡಿ ಇದ್ದೇ ಇರತ್ತೆ. ಯುಯುಐಡಿ ಅಂದರೆ 128 ಬಿಟ್, ಅಂದರೆ 16 ಬೈಟ್. ಅಷ್ಟೇ. ನಾವು ನೋಡೋ 36 ಅಕ್ಷರದ ಉದ್ದನೆಯ ಸರಮಾಲೆ ಇದೆಯಲ್ಲ, 32 ಹೆಕ್ಸ್ ಅಂಕಿ ಮತ್ತು 4 ಅಡ್ಡಗೆರೆ, ಅದು ಯುಯುಐಡಿ ಅಲ್ಲ, ಯುಯುಐಡಿಯ ಫೋಟೋ. ಮನುಷ್ಯರು ನೋಡಲಿ, ಲಾಗ್‌ನಲ್ಲಿ ಹುಡುಕಲಿ ಅಂತ ಮಾಡಿದ ವೇಷ. ನಮ್ಮ ಕೋಡ್‌ನಲ್ಲಿ ಏನಾಗುತ್ತೆ ಅಂದರೆ, ಬ್ರೌಸರ್‌ನಿಂದ ಜೇಸನ್‌ನಲ್ಲಿ ಸ್ಟ್ರಿಂಗ್ ಆಗಿ ಬರತ್ತೆ. ರೆಜೆಕ್ಸ್‌ನಿಂದ ಸರಿ ಇದೆಯಾ ಅಂತ ಒಮ್ಮೆ ಓದ್ತೀವಿ. ಸರಿ ಇದೆ ಅಂತ ಗೊತ್ತಾದ ಮೇಲೆ ಪಾರ್ಸ್ ಮಾಡಲು ಮತ್ತೊಮ್ಮೆ ಓದ್ತೀವಿ. ಲಾಗ್‌ಗೆ ಬರೆಯೋಕೆ ಮತ್ತೆ ಸ್ಟ್ರಿಂಗ್. ಡೇಟಾಬೇಸಿನ ಕಾಲಮ್ಮು 36 ಅಕ್ಷರದ ವಾರ್‌ಚಾರ್, ಹಾಗಾಗಿ ಅಲ್ಲಿಗೂ ಸ್ಟ್ರಿಂಗ್. ಅಲ್ಲಿಂದ ವಾಪಸ್ ಬಂದಾಗ ಮತ್ತೆ ಪಾರ್ಸ್, ಬ್ರೌಸರ್‌ಗೆ ಕಳಿಸುವಾಗ ಮತ್ತೆ ಸ್ಟ್ರಿಂಗ್. ಒಂದು ಕ್ಲಿಕ್‌ಗೆ ಒಂದೇ ಐಡಿಯನ್ನು ಆರು ಸಲ ವೇಷ ಕಳಚಿ ಹಾಕಿ ಮಾಡಿದಂತಾಯಿತು.

ಒಂದು ಪರಿವರ್ತನೆ ಎಷ್ಟು ದುಬಾರಿ ಅಂತ ಕೇಳಬಹುದು. ಅದು ಯಾರು ಬರೆದ ಕೋಡ್ ಅನ್ನೋದರ ಮೇಲೆ ಹೋಗತ್ತೆ. ಇದಕ್ಕೆ ಜಾವಾ ಒಳ್ಳೇ ಪಾಠ. ಜಾವಾ 8ರಲ್ಲಿ ಸ್ಟ್ರಿಂಗನ್ನು ಯುಯುಐಡಿ ಮಾಡುವ ಫಂಕ್ಷನ್‌ನ ಸೋರ್ಸ್ ಓದಿದರೆ ನಮ್ಮ ಸೆಕೆಂಡ್ ಸೆಮ್ ಲ್ಯಾಬ್ ಪ್ರೋಗ್ರಾಮ್ ಥರಾನೇ ಕಾಣತ್ತೆ. ಮೊದಲು ಅಡ್ಡಗೆರೆ ಸಿಕ್ಕಲ್ಲೆಲ್ಲಾ ಸ್ಪ್ಲಿಟ್ ಮಾಡತ್ತೆ: ಐದು ಹೊಸ ಸ್ಟ್ರಿಂಗ್, ಅವುಗಳನ್ನು ಇಡೋಕೆ ಒಂದು ಅರೇ. ಆಮೇಲೆ ಪ್ರತಿಯೊಂದರ ಮುಂದೆ ‘ಇದು ಹೆಕ್ಸ್’ ಅಂತ ಹೇಳೋ ಸೊನ್ನೆ-ಎಕ್ಸ್ ಅಂಟಿಸತ್ತೆ: ಇನ್ನೂ ಐದು ಸ್ಟ್ರಿಂಗ್. ಆಮೇಲೆ ಒಂದೊಂದನ್ನೂ ಲಾಂಗ್‌ಗೆ ತಿರುಗಿಸತ್ತೆ. 16 ಬೈಟ್ ಓದೋಕೆ ಹತ್ತು ಸ್ಟ್ರಿಂಗ್ ಹುಟ್ಟಿಸಿ ಹತ್ತನ್ನೂ ಕಸಕ್ಕೆ ಹಾಕೋದು. ಗಾರ್ಬೇಜ್ ಕಲೆಕ್ಟರ್ ಪಾಪ, ಮದುವೆ ಮನೆ ಎಲೆ ಎತ್ತೋರ ಥರ ಹಿಂದೆಯೇ ಓಡಾಡಬೇಕು.

ಜಾವಾ 9ರಲ್ಲಿ ಸ್ಪ್ಲಿಟ್ ಹೋಯಿತು. ಅಡ್ಡಗೆರೆ ಎಲ್ಲಿದೆ ಅಂತ ಹುಡುಕಿ, ಇದ್ದ ಸ್ಟ್ರಿಂಗ್‌ನ ಒಳಗೇ ಇಲ್ಲಿಂದ ಇಲ್ಲಿವರೆಗೆ ಓದು ಅನ್ನೋ ಪದ್ಧತಿ ಬಂತು. ಹೊಸ ಸ್ಟ್ರಿಂಗ್ ಹುಟ್ಟೋದು ನಿಂತಿತು. ಇನ್ನೂ ಮುಂದಿನ ಆವೃತ್ತಿಗಳಲ್ಲಿ ನನಗೆ ತುಂಬಾ ಇಷ್ಟವಾದ ಬದಲಾವಣೆ ಬಂತು. ಉದ್ದ ಸರಿಯಾಗಿ 36 ಇದೆಯಾ? ಸೊನ್ನೆಯಿಂದ ಎಣಿಸಿದರೆ 8, 13, 18, 23ನೇ ಜಾಗದಲ್ಲಿ ಅಡ್ಡಗೆರೆ ಇದೆಯಾ? ಇದ್ದರೆ ಏನೂ ಹುಡುಕೋದು ಬೇಡ, ಯಾವ ಅಂಕಿ ಎಲ್ಲಿ ಕೂತಿದೆ ಅಂತ ಮೊದಲೇ ಗೊತ್ತು, ನೇರ ಒಂದು ಪಟ್ಟಿ ನೋಡಿ ಬೆಲೆ ತೆಗೆದುಕೋ. ಇಲ್ಲದಿದ್ದರೆ ಮಾತ್ರ ಹಳೇ ನಿಧಾನದ ದಾರಿಗೆ ಕಳಿಸು. ಒಂದೇ ಫಂಕ್ಷನ್, ಎರಡು ಕ್ಯೂ. ದೇವಸ್ಥಾನದ ವಿಶೇಷ ದರ್ಶನದ ಥರ ಅಂದುಕೊಳ್ಳಿ, ಆದರೆ ಇಲ್ಲಿ ದುಡ್ಡು ಕೊಟ್ಟವರಿಗಲ್ಲ, ಶಿಸ್ತಾಗಿ ಬಂದವರಿಗೆ.

ಆ ಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇದನ್ನು ನಾವೇ ಸಿ ಭಾಷೆಯಲ್ಲಿ ಒಂದು ಸಂಜೆಯಲ್ಲಿ ಬರೆಯಬಹುದು. ನಾವು ಸಾಮಾನ್ಯವಾಗಿ ಹೆಕ್ಸ್ ಅಕ್ಷರ ಓದೋದು ಇಫ್-ಎಲ್ಸ್ ಹಾಕಿ. ಸೊನ್ನೆಯಿಂದ ಒಂಬತ್ತರ ಒಳಗಿದೆಯಾ, ಇಲ್ಲ ಅಂದ್ರೆ ಸಣ್ಣ ಎ-ಇಂದ ಎಫ್ ಒಳಗಿದೆಯಾ, ಇಲ್ಲ ಅಂದ್ರೆ ದೊಡ್ಡ ಎ-ಇಂದ ಎಫ್. 32 ಅಂಕಿಗೆ 32 ಸಲ ಈ ಪಂಚಾಯ್ತಿ. ರ‍್ಯಾಂಡಮ್ ಯುಯುಐಡಿಯಲ್ಲಿ ಮುಂದಿನದು ಅಂಕಿಯೋ ಅಕ್ಷರವೋ ಅಂತ ಪ್ರೊಸೆಸರ್‌ಗೆ ಊಹಿಸಲು ಆಗಲ್ಲ, ಊಹೆ ತಪ್ಪಿದಾಗಲೆಲ್ಲಾ ಪೈಪ್‌ಲೈನ್ ಖಾಲಿ ಮಾಡಿ ಮತ್ತೆ ಶುರು ಮಾಡಬೇಕು. ಕಂಪ್ಯೂಟರ್ ಆರ್ಗನೈಸೇಶನ್‌ನಲ್ಲಿ ಬ್ರಾಂಚ್ ಪ್ರೆಡಿಕ್ಷನ್ ಅಂತ ಬಾಯಿಪಾಠ ಮಾಡಿದ್ದು ಇದೇ. ಬದಲಿಗೆ 256 ಮನೆಗಳ ಒಂದು ಅರೇ ಇಟ್ಟುಕೊಳ್ಳಿ. ಅಕ್ಷರದ ಆಸ್ಕಿ ಕೋಡ್ ಮನೆ ನಂಬರ್. ಆ ಮನೆಯಲ್ಲಿ ಅದರ ಬೆಲೆ. ಹೆಕ್ಸ್ ಅಲ್ಲದ ಅಕ್ಷರದ ಮನೆಯಲ್ಲಿ 255. ಈಗ 32 ಸಲ ಬೆಲೆ ತೆಗೆಯುತ್ತಾ ಹೋಗಿ, ಬಂದ ಬೆಲೆಗಳನ್ನೆಲ್ಲಾ ಒಂದು ವೇರಿಯಬಲ್‌ಗೆ ಆರ್ ಮಾಡುತ್ತಾ ಬನ್ನಿ. ನಡುವೆ ಎಲ್ಲೂ ಪ್ರಶ್ನೆ ಕೇಳಬೇಡಿ. ಕೊನೆಗೆ ಒಂದೇ ಪ್ರಶ್ನೆ: ಆ ವೇರಿಯಬಲ್ 15ಕ್ಕಿಂತ ದೊಡ್ಡದಾ? ದೊಡ್ಡದಾದರೆ ಎಲ್ಲೋ ಒಂದು ಕಡೆ ಕೆಟ್ಟ ಅಕ್ಷರ ಇದೆ, ಪೂರ್ತಿ ವಾಪಸ್ ಕಳಿಸಿ. ಗೂಗಲ್‌ನವರ ಗೋ ಭಾಷೆಯ ಯುಯುಐಡಿ ಲೈಬ್ರರಿಯಲ್ಲೂ ಇಂಥದೇ 256 ಮನೆಯ ಪಟ್ಟಿ ಇದೆ.

ಪಟ್ಟಿಯೂ ಬೇಡ ಅನ್ನೋರಿಗೆ ಆಸ್ಕಿಯಲ್ಲೇ ಒಂದು ಮಜಾ ಇದೆ. ಅಕ್ಷರದ ಕೋಡ್‌ನ ಕೊನೇ 4 ಬಿಟ್ ತೆಗೆದುಕೊಳ್ಳಿ. ಅದೇ ಕೋಡನ್ನು 6 ಬಿಟ್ ಬಲಕ್ಕೆ ಸರಿಸಿ, ಬಂದಿದ್ದನ್ನು 9ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ‘7’ರ ಕೋಡ್ 55: ಕೊನೇ 4 ಬಿಟ್ 7, ಸರಿಸಿದರೆ 0, ಉತ್ತರ 7. ದೊಡ್ಡ ಎ ಕೋಡ್ 65: ಕೊನೇ 4 ಬಿಟ್ 1, ಸರಿಸಿದರೆ 1, ಒಂದು ಕೂಡಿಸು ಒಂಬತ್ತು, ಉತ್ತರ 10. ಸಣ್ಣ ಎ 97, ಅದಕ್ಕೂ 10. ಇಫ್ ಒಂದೂ ಇಲ್ಲ. ಇಫ್ ಇಲ್ಲ ಅಂದಮೇಲೆ ಸಿಮ್ಡ್ ಸೂಚನೆಗಳಿಂದ 16 ಅಕ್ಷರಕ್ಕೆ ಒಂದೇ ಏಟಿಗೆ ಇದೇ ಲೆಕ್ಕ ಮಾಡಿಸಬಹುದು. ಇದು ಅಕ್ಷರ ಸರಿಯಾ ತಪ್ಪಾ ಅಂತ ಮಾತ್ರ ಹೇಳಲ್ಲ, ಅದನ್ನು ಬೇರೆ ನೋಡಬೇಕು.

ವಾಪಸ್ ಪಠ್ಯ ಮಾಡೋದೂ ಹಾಗೇ. 16 ಸಲ ಸ್ಪ್ರಿಂಟ್‌ಎಫ್ ಕರೆಯೋದು, ಅದು ಪ್ರತಿ ಸಲವೂ ಫಾರ್ಮ್ಯಾಟ್ ಸ್ಟ್ರಿಂಗನ್ನು ಹೊಸದಾಗಿ ಓದಿ ಅರ್ಥ ಮಾಡಿಕೊಳ್ಳೋದು, ಇದರ ಬದಲು 256 ಬೈಟಿಗೂ ಅದರ ಎರಡೆರಡು ಹೆಕ್ಸ್ ಅಕ್ಷರವನ್ನು ಮೊದಲೇ ಬರೆದಿಟ್ಟ ಪಟ್ಟಿ. 36 ಬೈಟಿನ ಜಾಗ ಮೊದಲೇ ತೆಗೆದಿಟ್ಟು, ಅಡ್ಡಗೆರೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಜೋಡಿಗಳನ್ನು ಕಾಪಿ ಮಾಡೋದು. ಹೇಳೋಕೆ ಇನ್ನೇನೂ ಇಲ್ಲ.

ಇಷ್ಟೆಲ್ಲಾ ಕಸರತ್ತಿನಲ್ಲಿ ಗಮನಿಸಬೇಕಾದ್ದು ಒಂದು: ವೇಗ ಬಂದಿದ್ದು ಚಾಲಾಕಿತನದಿಂದ ಅಲ್ಲ, ಕಟ್ಟುನಿಟ್ಟಿನಿಂದ. ಅಡ್ಡಗೆರೆ ಇಲ್ಲೇ ಇರಬೇಕು, ಉದ್ದ ಇಷ್ಟೇ ಇರಬೇಕು ಅಂತ ಹಟ ಹಿಡಿದ ಕೂಡಲೇ ಹುಡುಕಾಟ ತಪ್ಪಿತು. ‘ಏನಾದರೂ ಬರಲಿ, ಸುಧಾರಿಸಿಕೊಳ್ತೀನಿ’ ಅನ್ನೋ ಕೋಡ್ ನಿಧಾನವೂ ಹೌದು, ಅಪಾಯವೂ ಹೌದು. ಜಾವಾದಲ್ಲಿ ‘1-1-1-1-1’ ಅಂತ ಕೊಟ್ಟು ನೋಡಿ. ತಪ್ಪು ಅನ್ನಲ್ಲ! ಸೊನ್ನೆಗಳನ್ನು ತಾನೇ ತುಂಬಿಕೊಂಡು ‘00000001-0001-0001-0001-000000000001’ ಅಂತ ಒಂದು ಯುಯುಐಡಿ ಕೈಗೆ ಕೊಡತ್ತೆ. ಪೈಥಾನ್‌ನ ಯುಯುಐಡಿ ಕ್ಲಾಸು ಇನ್ನೂ ಧಾರಾಳಿ. ಮುಂದಿನ ‘ಯುಆರ್‌ಎನ್’ ಅಳಿಸತ್ತೆ, ‘ಯುಯುಐಡಿ’ ಅನ್ನೋ ಪದ ಅಳಿಸತ್ತೆ, ಎರಡೂ ಕಡೆಯ ಹೂಬಾಣದ ಕಂಸ ತೆಗೆಯತ್ತೆ, ಅಡ್ಡಗೆರೆ ಎಲ್ಲೇ ಇರಲಿ ಎಲ್ಲವನ್ನೂ ಕಿತ್ತು ಹಾಕತ್ತೆ, ಉಳಿದದ್ದು 32 ಅಕ್ಷರ ಇದ್ದರೆ ಆಯಿತು, ಇಂಟ್ ಮಾಡಿ ಮುಗಿಸತ್ತೆ. ಒಂದು ಐಡಿಗಾಗಿ ಸ್ಟ್ರಿಂಗ್ ಮೇಲೆ ನಾಲ್ಕು ಸುತ್ತು.

ಕಟ್ಟುನಿಟ್ಟು ಬರೀ ವೇಗಕ್ಕಲ್ಲ. ಹೆಕ್ಸ್ ಅಕ್ಷರಗಳನ್ನು ದೊಡ್ಡದಾಗಿ ಬರೆದರೂ ಸಣ್ಣದಾಗಿ ಬರೆದರೂ ಯುಯುಐಡಿ ಒಂದೇ. ಬರೆಯುವಾಗ ಸಣ್ಣ ಅಕ್ಷರ ಬಳಸಿ, ಓದುವಾಗ ಎರಡನ್ನೂ ಒಪ್ಪಿ ಅಂತ 2005ರ ಆರ್‌ಎಫ್‌ಸಿ 4122 ಹೇಳಿದೆ. ಐಡಿಯನ್ನು ಸ್ಟ್ರಿಂಗ್ ಆಗಿ ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟವರಿಗೆ ಅದು ಎರಡು ಬೇರೆ ಬೇರೆ ಕೀ. ಭೀಮನಬೀಡಿನ ಗುಡಿಸಿನ ದೀರ್ಘದ ಸಮಸ್ಯೆ ಇಲ್ಲಿ ಮತ್ತೆ ವೇಷ ಬದಲಿಸಿಕೊಂಡು ಬಂತು ನೋಡಿ. 16 ಬೈಟ್ ಮಾಡಿಟ್ಟವರಿಗೆ ಈ ರೋಗವೇ ಇಲ್ಲ: ಎರಡು 64 ಬಿಟ್ ಸಂಖ್ಯೆ ಹೋಲಿಸಿದರೆ ಮುಗಿಯಿತು. ಜಾಗದ ಲೆಕ್ಕವನ್ನೂ ಹಾಕೋಣ. ‘ಭೂಮಿ’ ಯೋಜನೆಯಲ್ಲಿ 2000ದ ಸುಮಾರಿಗೆ ರಾಜ್ಯದ ಹತ್ತಿರಹತ್ತಿರ 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಹತ್ತಿಸಿದರು. ಒಂದೊಂದು ಪಹಣಿಗೂ ಒಂದು ಯುಯುಐಡಿ ಕೊಟ್ಟಿದ್ದೀವಿ ಅಂತ ಸುಮ್ಮನೆ ಅಂದುಕೊಳ್ಳಿ. ಪಠ್ಯವಾಗಿ ಇಟ್ಟರೆ 72 ಕೋಟಿ ಬೈಟ್, ಬೈನರಿಯಾಗಿ ಇಟ್ಟರೆ 32 ಕೋಟಿ. ಇಂಡೆಕ್ಸ್‌ನಲ್ಲಿ ಮತ್ತೊಂದು ಸಲ ಅಷ್ಟು, ಫಾರಿನ್ ಕೀ ಇರೋ ಪ್ರತಿ ಟೇಬಲ್‌ನಲ್ಲೂ ಅಷ್ಟಷ್ಟು. ಪ್ರೊಸೆಸರಿನ 64 ಬೈಟಿನ ಒಂದು ಕ್ಯಾಶ್ ಲೈನಿನಲ್ಲಿ ಬೈನರಿ ಐಡಿ ನಾಲ್ಕು ಕೂರತ್ತೆ, ಪಠ್ಯದ್ದು ಒಂದು ಮುಕ್ಕಾಲು. ಪೋಸ್ಟ್‌ಗ್ರೆಸ್‌ನಲ್ಲಿ ಯುಯುಐಡಿ ಅಂತಲೇ 16 ಬೈಟಿನ ಟೈಪ್ ಇದೆ. ಮೈಎಸ್‌ಕ್ಯೂಎಲ್ 8ರಲ್ಲಿ ಪಠ್ಯವನ್ನು ಬೈನರಿ ಮಾಡೋ ಫಂಕ್ಷನ್ ಇದೆ. ಇಷ್ಟಿದ್ದೂ ವಾರ್‌ಚಾರ್ ಅಂತ ಟೈಪ್ ಮಾಡೋ ಕೈ ನಮ್ಮದು.

ಈಗ ‘ಕಟ್ಟುನಿಟ್ಟು’ ಅನ್ನೋ ಪದಕ್ಕೆ ಬರ್ತೀನಿ, ಯಾಕಂದ್ರೆ ಅದನ್ನು ಇಲ್ಲಿಗೇ ಬಿಟ್ಟರೆ ಕೆಲವರು ತಪ್ಪಾಗಿ ತಗೋತಾರೆ.

ನಮ್ಮ ತಾತ ಅಂಕಿ ಬರೆಯೋದು ಕನ್ನಡದಲ್ಲಿ. ಹಳೇ ಕೈಬರಹದ ಪಹಣಿಗಳಲ್ಲಿ ನೋಡಿ ಅಭ್ಯಾಸ. ಫೋನಿನಲ್ಲೂ ಕನ್ನಡ ಕೀಬೋರ್ಡ್, ಕನ್ನಡ ಅಂಕಿಯೇ ಬರೋ ಹಾಗೆ ಇಟ್ಟುಕೊಂಡಿದ್ದಾರೆ. ಹೋದ ದಸರಾ ರಜದಲ್ಲಿ ಒಂದು ವೆಬ್ ಫಾರ್ಮ್‌ನಲ್ಲಿ ಸರ್ವೆ ನಂಬರ್ ತುಂಬುತ್ತಿದ್ದರು. ಉದಾಹರಣೆಗೆ ‘೪೫/೨’ ಅಂತಿಟ್ಟುಕೊಳ್ಳಿ. ಕೆಂಪು ಅಕ್ಷರದಲ್ಲಿ ‘ದಯವಿಟ್ಟು ಸಂಖ್ಯೆ ನಮೂದಿಸಿ’ ಅಂತ ಬಂತು. ಮತ್ತೆ ಹಾಕಿದರು, ಮತ್ತೆ ಅದೇ. ತಾತ ನನ್ನ ಕಡೆ ತಿರುಗಿ, ‘ಇದು ಸಂಖ್ಯೆ ಅಲ್ಲದೆ ಇನ್ನೇನ್ಲಾ?’ ಅಂದರು. ಫಾರ್ಮ್ ಕನ್ನಡದಲ್ಲಿತ್ತು, ಎರರ್ ಮೆಸೇಜೂ ಕನ್ನಡದಲ್ಲೇ ಇತ್ತು. ಅಂಕಿ ಮಾತ್ರ ಕನ್ನಡದ್ದು ಆಗಲ್ವಂತೆ.

ಇದು ಬರೆದವರ ದುರುದ್ದೇಶ ಅಂತ ನಾನು ಹೇಳಲ್ಲ. ಅವರು ಏನನ್ನೂ ನಿರ್ಧರಿಸಿಯೇ ಇಲ್ಲ, ಭಾಷೆ ಅವರ ಪರವಾಗಿ ನಿರ್ಧರಿಸಿದೆ. ಅದೂ ಒಂದೊಂದು ಭಾಷೆ ಒಂದೊಂದು ಥರ. ಪೈಥಾನ್‌ನಲ್ಲಿ ‘೪೫’ನ್ನು ಇಂಟ್‌ಗೆ ಕೊಟ್ಟರೆ 45 ಬರತ್ತೆ. ಜಾವಾದ ಪಾರ್ಸ್‌ಇಂಟ್ ಕೂಡ 45 ಕೊಡತ್ತೆ. ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆ ಅಲ್ಲ’ ಅನ್ನತ್ತೆ. ಸಿ ಭಾಷೆಯ ಎಟಿಒಐ ಎಲ್ಲಕ್ಕಿಂತ ಕೆಟ್ಟದ್ದು, ಬಾಯಿ ಬಿಡದೆ 0 ಕೊಡತ್ತೆ. ರೆಜೆಕ್ಸ್‌ನಲ್ಲಿ ಅಂಕಿಗೆ ಹಾಕೋ ‘ಡಿ’ ಗುರುತು ಪೈಥಾನ್‌ನಲ್ಲಿ ಕನ್ನಡ ಅಂಕಿಗೂ ಹೊಂದತ್ತೆ, ಜಾವಾದಲ್ಲಿ ಮಾಮೂಲಾಗಿ ಹೊಂದಲ್ಲ, ಜಾವಾಸ್ಕ್ರಿಪ್ಟ್‌ನಲ್ಲೂ ಇಲ್ಲ. ಅಂದರೆ ಜಾವಾದಲ್ಲಿ ರೆಜೆಕ್ಸ್ ಬೇಡ ಅಂದಿದ್ದನ್ನು ಪಾರ್ಸ್‌ಇಂಟ್ ಬೇಕು ಅನ್ನತ್ತೆ, ಒಂದೇ ಭಾಷೆಯ ಒಳಗೆ! ಪೈಥಾನ್‌ನಲ್ಲಿ ಇನ್ನೊಂದು ಗುಂಡಿ: ರೆಜೆಕ್ಸ್ ಪಾಸ್ ಮಾಡಿದ ‘೪೫’ನ್ನು ಸಂಖ್ಯೆ ಮಾಡದೆ ಸ್ಟ್ರಿಂಗ್ ಆಗಿಯೇ ಡೇಟಾಬೇಸಿಗೆ ಹಾಕಿದರೆ, ನಾಳೆ ‘45’ ಅಂತ ಹುಡುಕಿದವರಿಗೆ ಆ ಜಮೀನು ಇಲ್ಲವೇ ಇಲ್ಲ.

ಹಾಗಾದರೆ ವೇಗಕ್ಕೋಸ್ಕರ ಆಸ್ಕಿ ಅಂಕಿ ಮಾತ್ರ ಅಂತ ಹಟ ಹಿಡಿಯೋದಾ, ತಾತನಿಗೋಸ್ಕರ ಎಲ್ಲಾ ಕಡೆ ಧಾರಾಳವಾಗಿ ಇರೋದಾ? ಎರಡೂ ಬೇಡ. ಹೊಸ ಜಾವಾದ ಎರಡು ಕ್ಯೂ ನೆನಪಿಸಿಕೊಳ್ಳಿ. ಮನುಷ್ಯ ಟೈಪ್ ಮಾಡೋ ಜಾಗ ಒಂದೇ ಬಾಗಿಲು. ಅಲ್ಲಿ ಕನ್ನಡ ಅಂಕಿಯನ್ನು ಕೈ ಹಿಡಿದು ಒಳಗೆ ಕರೆದುಕೊಳ್ಳಿ, ಸಂಖ್ಯೆ ಮಾಡಿ, ಅಲ್ಲಿಂದ ಆಚೆಗೆ ಇಡೀ ಪ್ರೋಗ್ರಾಮ್‌ನಲ್ಲಿ ಸ್ಟ್ರಿಂಗ್ ಅನ್ನೋದೇ ಇರಬಾರದು. ಒಳಗಿನ ಯಂತ್ರ ಯಂತ್ರದ ಜೊತೆ ಮಾತಾಡುವಾಗ ಎಷ್ಟು ಬೇಕಾದರೂ ಕಟ್ಟುನಿಟ್ಟಾಗಿರಲಿ, ಅದಕ್ಕೆ ಬೇಜಾರಾಗಲ್ಲ.

ಕನ್ನಡ ಅಂಕಿಗೆ ಬಾಗಿಲು ತೆರೆಯಲು ಎಷ್ಟು ಖರ್ಚು? ಒಂದು ಕಳೆಯುವ ಲೆಕ್ಕ. ಯೂನಿಕೋಡ್‌ನಲ್ಲಿ ‘೦’ಯ ಕೋಡ್ 3302, ಅಲ್ಲಿಂದ ‘೯’ರ 3311ರ ತನಕ ಹತ್ತೂ ಸಾಲಾಗಿ ನಿಂತಿವೆ. ಬಂದ ಕೋಡ್ ಆ ವ್ಯಾಪ್ತಿಯಲ್ಲಿದ್ದರೆ 3302 ಕಳೆಯಿರಿ, ಬೆಲೆ ಬಂತು. ಯುಟಿಎಫ್-8ನಲ್ಲಿ ಬೈಟ್ ಮಟ್ಟದಲ್ಲಿ ಓದುವವರಿಗೆ ಇನ್ನೂ ಸುಲಭ. ಹತ್ತೂ ಅಂಕಿಗೆ ಮೊದಲ ಎರಡು ಬೈಟ್ ಒಂದೇ, 224 ಮತ್ತು 179. ಮೂರನೆಯದು ಮಾತ್ರ 166ರಿಂದ 175. ಮಾಮೂಲಿ ಆಸ್ಕಿ ಅಂಕಿ ಬರೆದವರಿಗೆ ಇದರಿಂದ ಏನೂ ನಿಧಾನವಾಗಲ್ಲ, ಯಾಕಂದ್ರೆ ಅವರು ಮೊದಲ ಕ್ಯೂನಲ್ಲೇ ಹೋಗಿಬಿಟ್ಟಿರುತ್ತಾರೆ. ‘ಪರ್ಫಾರ್ಮೆನ್ಸ್‌ಗೆ ಹೊಡೆತ ಬೀಳತ್ತೆ’ ಅನ್ನೋ ಮಾತನ್ನು ಈ ವಿಷಯದಲ್ಲಿ ಯಾರಾದರೂ ಹೇಳಿದರೆ ಅಳೆದು ತೋರಿಸಿ ಅನ್ನಿ.

ಕನ್ನಡ ಅಂಕಿಯನ್ನು ಒಪ್ಪೋದು ಅಂದರೆ ಕಂಡಿದ್ದೆಲ್ಲಾ ಒಪ್ಪೋದಲ್ಲ. ಸೊನ್ನೆ ಸಿಗದಿದ್ದಾಗ ಅದರ ಜಾಗಕ್ಕೆ ಅನುಸ್ವಾರ ಹಾಕುವವರಿದ್ದಾರೆ, ನೋಡೋಕೆ ಎರಡೂ ಒಂದೇ ಉಂಡೆ. ಅದು ಅಂಕಿ ಅಲ್ಲ, ಬಾಗಿಲಲ್ಲೇ ನಿಲ್ಲಿಸಿ ‘ಇಲ್ಲಿ ಸೊನ್ನೆ ಬೇಕಿತ್ತಾ?’ ಅಂತ ಕೇಳಬೇಕು. ವಾಟ್ಸಾಪ್‌ನಿಂದ ಕಾಪಿ ಮಾಡಿದ ಪಠ್ಯದಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳೂ ಅಂಟಿಕೊಂಡು ಬರಬಹುದು. ಸರ್ವೆ ನಂಬರ್‌ನಲ್ಲಿ ಹಿಸ್ಸಾ ಬೇರೆ ಇರತ್ತೆ: ‘2ಎ’ ಅಂತ ಒಬ್ಬರು, ‘೨ಎ’ ಅಂತ ಒಬ್ಬರು, ‘2ಅ’ ಅಂತ ಮತ್ತೊಬ್ಬರು. ಮೊದಲೆರಡು ಒಂದೇ ಅಂತ ಕೋಡ್ ಹೇಳಬಹುದು. ‘ಎ’ ಮತ್ತು ‘ಅ’ ಒಂದೇನಾ ಅಂತ ಹೇಳಬೇಕಾದ್ದು ಪ್ರೋಗ್ರಾಮರ್ ಅಲ್ಲ, ದಾಖಲೆ ಇಟ್ಟವರು. ಅಲ್ಲಿ ನಾವು ಊಹೆ ಮಾಡಿದರೆ ಒಬ್ಬರ ಗದ್ದೆ ಇನ್ನೊಬ್ಬರದಾಗುತ್ತೆ.

ಪರೀಕ್ಷಾ ಅಂಕಿ ಇರೋ ಐಡಿಗಳಲ್ಲಿ ಅದನ್ನು ನೋಡುವ ಕೆಲಸವೂ ಬಾಗಿಲಲ್ಲೇ ಆಗಬೇಕು. ಆಧಾರ್‌ನ 12 ಅಂಕಿಯಲ್ಲಿ ಕೊನೆಯದು ವರ್ಹಾಫ್ ಪದ್ಧತಿಯ ಪರೀಕ್ಷಾ ಅಂಕಿ. ಯಾವುದೋ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಅದು ಹಿಡಿಯುತ್ತೆ. ಲೆಕ್ಕ ಅಂದರೆ ಬರೀ ಸಣ್ಣ ಪಟ್ಟಿಗಳನ್ನು ನೋಡೋದು. ಹೀಗೆ ಒಮ್ಮೆ ಪರೀಕ್ಷೆ ಮಾಡಿ ಸಂಖ್ಯೆ ಮಾಡಿದರೆ 12 ಅಂಕಿ 40 ಬಿಟ್‌ನಲ್ಲಿ, ಅಂದರೆ 5 ಬೈಟ್‌ನಲ್ಲಿ ಹಿಡಿಯುತ್ತೆ. (ಹಾಗಂತ ಮಿನಿ ಪ್ರಾಜೆಕ್ಟ್‌ನಲ್ಲಿ ಜನರ ಆಧಾರ್ ನಂಬರ್ ಕೂಡಿಡೋದು ಬೇಡವೇ ಬೇಡ. ಹಸುವಿನ ಟ್ಯಾಗ್ ಸಾಕು, ಅದೂ 12 ಅಂಕಿಯೇ.) ಸಂಖ್ಯೆ ಮಾಡಿದರೆ ಮುಂದಿನ ಸೊನ್ನೆ ಹೋಗಿಬಿಡುತ್ತೆ ಅಂತ ಹೆದರುವವರಿಗೆ: ಅಗಲ ನಿಗದಿಯಾಗಿರೋ ಐಡಿಯಲ್ಲಿ ಸೊನ್ನೆ ಎಲ್ಲೂ ಹೋಗಲ್ಲ, ಬರೆಯುವಾಗ ಅಗಲಕ್ಕೆ ತಕ್ಕಷ್ಟು ತುಂಬಿ ಬರೆಯಿರಿ.

ನನ್ನ ರೂಮ್‌ಮೇಟ್ ಇದನ್ನೆಲ್ಲಾ ಕೇಳಿ ‘ಅಕಾಲಿಕ ಆಪ್ಟಿಮೈಸೇಶನ್ ಮಗಾ’ ಅಂದ. ಡೊನಾಲ್ಡ್ ಕ್ನೂತ್ 1974ರಲ್ಲಿ ಬರೆದ ಆ ಮಾತು ನಮ್ಮ ಕ್ಯಾಂಪಸ್ಸಿನಲ್ಲಿ ಸೋಮಾರಿಗಳ ರಾಷ್ಟ್ರಗೀತೆ ಆಗಿಬಿಟ್ಟಿದೆ. ನಿಜವಾಗಿ ಮುಖ್ಯವಾದ 3 ಪರ್ಸೆಂಟ್ ಜಾಗದಲ್ಲಿ ಅವಕಾಶ ಬಿಡಬಾರದು ಅಂತಲೂ ಅವರು ಅದೇ ಜಾಗದಲ್ಲಿ ಬರೆದಿದ್ದಾರೆ, ಅದನ್ನು ಯಾರೂ ಸ್ಟೇಟಸ್ ಹಾಕಲ್ಲ. ರೂಮ್‌ಮೇಟ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಅದನ್ನು ಒಪ್ಪಬೇಕು. ದಿನಕ್ಕೆ ಇನ್ನೂರು ಜನ ಬಳಸೋ ಮೆಸ್ ಆಪ್‌ನಲ್ಲಿ ಯುಯುಐಡಿ ಪಾರ್ಸ್ ಮಾಡೋಕೆ ಸಿಮ್ಡ್ ಬರೆಯೋದು ಹುಚ್ಚು. ಅಲ್ಲಿ ನೆಟ್‌ವರ್ಕ್‌ಗೆ ಕಾಯೋ ಹೊತ್ತಿನ ಮುಂದೆ ಪಾರ್ಸಿಂಗ್ ಲೆಕ್ಕಕ್ಕೇ ಇಲ್ಲ. ಕೋಟಿ ಸಾಲಿನ ಸಿಎಸ್‌ವಿ ಫೈಲ್ ಹತ್ತಿಸುವಾಗ, ಪ್ರತಿ ಸಾಲಲ್ಲೂ ಎರಡೆರಡು ಐಡಿ ಇರೋ ಲಾಗ್ ಅರೆಯುವಾಗ ಲೆಕ್ಕ ಬದಲಾಗುತ್ತೆ. ಆದರೆ ನಾನು ಕೇಳ್ತಿರೋದು ಆ ಕಸರತ್ತಲ್ಲ. ಆರು ಸಲ ಮಾಡೋದನ್ನು ಎರಡು ಸಲ ಮಾಡಿ ಅಂತಿದ್ದೀನಿ: ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಇದರಿಂದ ಕೋಡ್ ಉದ್ದ ಆಗಲ್ಲ, ಕಮ್ಮಿ ಆಗುತ್ತೆ. ಫಂಕ್ಷನ್‌ಗಳ ಆರ್ಗ್ಯುಮೆಂಟ್‌ನಲ್ಲಿ ಸ್ಟ್ರಿಂಗ್ ಅಂತ ಇರೋದನ್ನೆಲ್ಲಾ ಯುಯುಐಡಿ ಟೈಪ್ ಅಂತ ಬದಲಾಯಿಸಿ, ಎಲ್ಲೆಲ್ಲಿ ಕಂಪೈಲರ್ ಬೈಯುತ್ತೋ ಅಲ್ಲೆಲ್ಲಾ ನೀವು ಸುಮ್ಮನೆ ವೇಷ ಬದಲಿಸುತ್ತಿದ್ದಿರಿ ಅಂತ ಅರ್ಥ.

ಇನ್ನೊಬ್ಬ ಸ್ನೇಹಿತೆ ಕೇಳಿದ್ದು ಬೇರೆ: ‘ಕನ್ನಡ ಅಂಕಿ ಈಗ ಯಾರು ಬಳಸ್ತಾರೆ?’ ಫಾರ್ಮ್‌ಗಳು ಒಪ್ಪದೇ ಇದ್ದರೆ ಬಳಸುವವರ ಸಂಖ್ಯೆ ಡೇಟಾದಲ್ಲಿ ಸೊನ್ನೆ ಅಂತಲೇ ಕಾಣುತ್ತೆ, ಅದಕ್ಕೆ ಸಾಕ್ಷಿ ಅಂತ ಅದೇ ಡೇಟಾ ತೋರಿಸೋದು ಯಾವ ನ್ಯಾಯ? ಅವಳಿಗೆ ನಾನು ತಾತನ ಫೋನ್ ತೋರಿಸಿದೆ.

ಮುಂದಿನ ತಿಂಗಳು ಮೂರನೇ ಸೆಮ್ ಮಿನಿ ಪ್ರಾಜೆಕ್ಟ್ ಡೆಮೊ ಇದೆ. ಟೆಸ್ಟ್ ಕೇಸ್ ಬರೆಯುವವರು ಇವಿಷ್ಟನ್ನು ಸೇರಿಸಿ ನೋಡಿ. ‘45/2’ ಮತ್ತು ‘೪೫/೨’ ಎರಡೂ ಒಂದೇ ದಾಖಲೆಗೆ ಹೋಗಬೇಕು. ಸೊನ್ನೆಯ ಜಾಗದಲ್ಲಿ ಅನುಸ್ವಾರ ಹಾಕಿದ್ದು ನಿಲ್ಲಬೇಕು, ಯಾಕೆ ನಿಂತಿತು ಅಂತ ಕನ್ನಡದಲ್ಲಿ ಹೇಳಬೇಕು. ಒಂದೇ ಯುಯುಐಡಿಯನ್ನು ದೊಡ್ಡಕ್ಷರದಲ್ಲೂ ಸಣ್ಣಕ್ಷರದಲ್ಲೂ ಕೊಟ್ಟಾಗ ಡೇಟಾಬೇಸಿನಲ್ಲಿ ಒಂದೇ ಸಾಲು ಇರಬೇಕು. ‘1-1-1-1-1’ ಕೊಟ್ಟರೆ ಪ್ರೋಗ್ರಾಮ್ ‘ಆಗಲ್ಲ’ ಅನ್ನಬೇಕು. ಊರಿನ ಹೆಸರಿನ ಜಾಗದಲ್ಲಿ ಎನ್‌ಎಫ್‌ಡಿ ಮಾಡಿದ ಭೀಮನಬೀಡು ಕೊಟ್ಟು ನೋಡಿ, ಎಷ್ಟು ಟೀಮ್ ಪಾಸಾಗುತ್ತೆ ಅಂತ ನನಗೂ ಕುತೂಹಲ ಇದೆ.